ಶೇಂಗಾ ಹಾಕಿದ ಆಫ್ರಿಕನ್ ಕೋಳಿ ಸಾಲನ್: ರುಚಿಯ ಜೊತೆಗೆ ಶುಚಿಯ ಪಾಠ

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿದ್ದನ್ನು ನಮ್ಮ ಭಾಗದವರು ಯಾರೂ ಮರೆತಿಲ್ಲ. ಆಗ ನಮ್ಮ ಖಾಲಾ ಅವರ ಮನೆಯಲ್ಲೂ ನೀರು ನಿಂತಿತ್ತು. ನೀರು ಇಳಿದ ಮೇಲೆ ಅವರು ಉಳಿದ ಸಾಮಾನುಗಳೊಂದಿಗೆ ಕೌಜಲಗಿಯ ನಮ್ಮ ಮನೆಗೆ ಬಂದರು. ಆ ಸಾಮಾನುಗಳಲ್ಲಿ ಅರ್ಧ ಚೀಲ ಶೇಂಗಾ ಕಾಳೂ ಇತ್ತು. ಚೀಲದ ತಳ ನೆಂದು, ಒಳಗಿನ ಕಾಳಿನ ಮೇಲೆ ಹಸಿರು ಹಳದಿ ಬೂಸು ಬಂದಿತ್ತು.

ಅಮ್ಮಿ ಅದನ್ನು ಮಾಳಿಗೆಯ ಮೇಲೆ ಹರವಿ ಒಣಗಿಸಿದರು. "ಅಲ್ಲಾಹ್ ಕೊಟ್ಟ ರಿಜ್ಕ್ ಐತಿ ಬೇಟಾ, ಚೆಲ್ಲಬ್ಯಾಡ. ಚಲೋವು ಆರಿಸಿ ಹಿಂಡಿ ಕುಟ್ಟೋಣು, ಉಳಿದದ್ದು ಕೋಳಿಗೆ ಹಾಕೋಣು" ಎಂದರು. ನಾನೂ ಹೂಂ ಎಂದಿದ್ದೆ. ಅದೇ ದಿನ ಮೇಕೆ ನೋಡಲು ಬಂದಿದ್ದ ಪಶುವೈದ್ಯರು ಮಾಳಿಗೆಯ ಮೇಲಿನ ಕಾಳು ನೋಡಿ, "ಇದನ್ನ ನೀವೂ ತಿನ್ನಬ್ಯಾಡ್ರಿ, ಕೋಳಿಗೂ ಹಾಕಬ್ಯಾಡ್ರಿ, ಮೇಕೆಗೂ ಬ್ಯಾಡ. ತೆಗ್ಗು ತೆಗೆದು ಮುಚ್ಚರಿ" ಎಂದು ಬಿಟ್ಟರು. ಅಮ್ಮಿಗೆ ಬಹಳ ಬೇಸರವಾಯಿತು. ಅನ್ನ ಹಾಳು ಮಾಡುವುದು ಇಸ್ರಾಫ್ ಎಂದು ನಮಗೆಲ್ಲ ಚಿಕ್ಕಂದಿನಿಂದ ಕಲಿಸಿದವರು ಅವರೇ. ಆದರೆ ಕೆಟ್ಟ ಅನ್ನವನ್ನು ಮಕ್ಕಳಿಗೆ ಉಣಿಸುವುದು ಉಳಿತಾಯವೇ? ಈ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಉಳಿದಿದೆ. ಈ ತಿಂಗಳ ಅಡುಗೆ ಪಾಠಕ್ಕೆ ಶೇಂಗಾ ಹಾಕುವ ಆಫ್ರಿಕಾದ ಕೋಳಿ ಸಾಲನ್ ಆರಿಸಿಕೊಂಡಿರುವುದಕ್ಕೆ ಅದೂ ಒಂದು ಕಾರಣ. ಈ ಅಡುಗೆ ಕಲಿತರೆ ಶೇಂಗಾ ಆರಿಸುವುದು, ಕೋಳಿ ಸ್ವಚ್ಛ ಮಾಡುವುದು, ಉಳಿದ ಸಾಲನ್ ಕಾಪಾಡುವುದು ಮೂರನ್ನೂ ಕಲಿತಂತೆ.

ಇದು ಎಲ್ಲಿಯ ಅಡುಗೆ?

ಜಿದ್ದಾದಲ್ಲಿ ಗಾಡಿ ಓಡಿಸುವ ನನ್ನ ತಮ್ಮ ಮೊದಲು ಇದರ ಸುದ್ದಿ ತಂದವನು. ಅವನ ಕೋಣೆಯ ಪಕ್ಕದಲ್ಲಿ ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದವರಿದ್ದರು. ಜುಮಾ ದಿನ ಅವರು ದೊಡ್ಡ ಪರಾತದಲ್ಲಿ ಅನ್ನ ಹರವಿ, ಅದರ ಮೇಲೆ ಕೆಂಪು ಕಂದು ಬಣ್ಣದ ಗಟ್ಟಿ ಸಾಲನ್ ಸುರಿದು, ಸುತ್ತ ಕೂತು ಒಂದೇ ಪರಾತದಲ್ಲಿ ಉಣ್ಣುತ್ತಿದ್ದರಂತೆ. "ಆಪಾ, ಹಾಲಿನ ಕೆನೆ ಹಾಕ್ಯಾರ ಅಂದ್ಕೊಂಡಿದ್ದೆ. ಕೇಳಿದ್ರ ಬರೀ ಶೇಂಗಾ!" ಎಂದು ಫೋನಿನಲ್ಲಿ ಹೇಳಿದ್ದ.

ಇದರ ಹೆಸರು ಮಾಫೆ. ಸೆನೆಗಲ್ ಮತ್ತು ಮಾಲಿ ದೇಶಗಳಲ್ಲಿ ಮನೆಮನೆಯ ಅಡುಗೆ. ನೆರೆಯ ಗ್ಯಾಂಬಿಯಾದಲ್ಲಿ ಇದನ್ನೇ ಹೋಲುವ ಅಡುಗೆಗೆ ಡೊಮೊಡಾ ಎನ್ನುತ್ತಾರೆ. ಘಾನಾದಲ್ಲಿ ಇದರ ತೆಳ್ಳನೆಯ ರೂಪ ಶೇಂಗಾ ಸೂಪ್ ಎಂದು ಪ್ರಸಿದ್ಧ. ಸೆನೆಗಲ್, ಮಾಲಿ, ಗ್ಯಾಂಬಿಯಾ ಮೂರೂ ದೇಶಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಆದ್ದರಿಂದ ಈ ಅಡುಗೆಯನ್ನು ಹಲಾಲ್ ಮಾಡಿಕೊಳ್ಳಲು ನಾವು ಏನನ್ನೂ ಬದಲಿಸಬೇಕಿಲ್ಲ.

ಆಫ್ರಿಕಾದ ಇನ್ನೊಂದು ಬದಿಯಲ್ಲಿ, ಮೊಂಬಾಸಾ, ಜಾಂಜಿಬಾರ್, ದಾರ್ ಎಸ್ ಸಲಾಮ್ ಇರುವ ಕರಾವಳಿಯಲ್ಲಿ, ಕುಕು ಪಾಕಾ ಎಂಬ ಮತ್ತೊಂದು ಕೆನೆಯಂಥ ಸಾಲನ್ ಇದೆ. ಸ್ವಾಹಿಲಿ ಭಾಷೆಯಲ್ಲಿ ಕುಕು ಎಂದರೆ ಕೋಳಿ. ಅಲ್ಲಿಗೆ ವ್ಯಾಪಾರಕ್ಕೆ ಹೋಗಿ ನೆಲೆಸಿದ ಗುಜರಾತಿ ಮೂಲದ ಕುಟುಂಬಗಳಲ್ಲಿ ಬಹಳ ಪ್ರೀತಿಯ ಅಡುಗೆ ಅದು. ಸುಟ್ಟ ಕೋಳಿಯನ್ನು ತೆಂಗಿನ ಹಾಲಿನಲ್ಲಿ ಕುದಿಸುತ್ತಾರೆ. ಮಂಗಳೂರು, ಭಟ್ಕಳದ ಓದುಗರಿಗೆ ಅದು ಸುಲಭ. ನಮ್ಮ ಬಯಲುಸೀಮೆಗೆ ಶೇಂಗಾವೇ ಹತ್ತಿರ.

ಆಫ್ರಿಕಾ ಎಂದರೆ ನಮಗೆ ದೂರದ ಮಾತಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಂಚಿನಲ್ಲಿ, ಪಕ್ಕದ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಗಳಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಮುಸ್ಲಿಮರೂ, ಕ್ರೈಸ್ತರೂ, ಹಿಂದೂಗಳೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಆದಿಲ್ ಶಾಹಿಗಳ ಬಿಜಾಪುರದಲ್ಲಿ ಇಖ್ಲಾಸ್ ಖಾನ್‌ರಂಥ ಹಬ್ಶಿ ಸರದಾರರು ದೊಡ್ಡ ಅಧಿಕಾರದಲ್ಲಿದ್ದರು. ಆದರೆ ಈ ಶೇಂಗಾ ಸಾಲನ್ ಅವರ ಮೂಲಕ ಬಂದದ್ದಲ್ಲ. ಇದು ನಮ್ಮ ಕಾಲದಲ್ಲಿ, ದುಡಿಯಲು ಹೋದ ಮಕ್ಕಳ ಮೂಲಕ ಮನೆಗೆ ಬರುತ್ತಿರುವ ರುಚಿ.

ಇನ್ನೊಂದು ವಿಷಯ ತಿಳಿದರೆ ಆಶ್ಚರ್ಯವಾಗುತ್ತದೆ. ಶೇಂಗಾ ಆಫ್ರಿಕಾದ ಬೆಳೆಯೂ ಅಲ್ಲ, ನಮ್ಮ ಬೆಳೆಯೂ ಅಲ್ಲ. ಅದರ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಆಫ್ರಿಕಾಕ್ಕೆ ಹೋಯಿತು. ಟೊಮೆಟೊ, ಮೆಣಸಿನಕಾಯಿಗಳ ತವರೂ ಅಮೆರಿಕವೇ. ಒಂದೇ ಕಾಳು ಸೆನೆಗಲ್‌ನಲ್ಲಿ ಮಾಫೆಯಾಯಿತು, ಹೈದರಾಬಾದಿನಲ್ಲಿ ಮಿರ್ಚಿ ಕಾ ಸಾಲನ್ ಆಯಿತು, ನಮ್ಮಲ್ಲಿ ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯಾಯಿತು. ಬಘಾರೆ ಬೈಂಗನ್ ಮಾಡುವಾಗ ಶೇಂಗಾ, ಎಳ್ಳು, ಒಣಕೊಬ್ಬರಿ ಹುರಿದು ಅರೆಯುವ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಮಾಫೆಯ ಅರ್ಧ ಕೆಲಸ ಆಗಲೇ ಬರುತ್ತದೆ.

ಕೆನೆ ಇಲ್ಲದ ಕೆನೆತನ

ಹೋಟೆಲಿನ ಸಾಲನ್ ಗಟ್ಟಿಯಾಗಿ, ಮೆತ್ತಗೆ ಇರಲು ಹಾಲಿನ ಕೆನೆ ಅಥವಾ ಬೆಣ್ಣೆ ಹಾಕುತ್ತಾರೆ. ಮಾಫೆಯಲ್ಲಿ ಆ ಕೆಲಸ ಶೇಂಗಾ ಮಾಡುತ್ತದೆ. ಹುರಿದ ಶೇಂಗಾವನ್ನು ನುಣ್ಣಗೆ ಅರೆದು ಬಿಸಿ ನೀರಿನಲ್ಲಿ ಕದಡಿದರೆ ಅದರ ಎಣ್ಣೆ ಮತ್ತು ಹಿಟ್ಟು ಎರಡೂ ನೀರಿನೊಂದಿಗೆ ಬೆರೆತು ದಪ್ಪ ರಸವಾಗುತ್ತದೆ.

100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, ಸುಮಾರು 49 ಗ್ರಾಂ ಕೊಬ್ಬು ಇರುತ್ತದೆ. ಆರು ಮಂದಿಯ ಅಡುಗೆಗೆ ನಾವು 200 ಗ್ರಾಂ ಹಾಕುತ್ತೇವೆ. ಅಂದರೆ ಒಬ್ಬರ ಪಾಲಿಗೆ ಶೇಂಗಾದಿಂದಲೇ ಸುಮಾರು 16 ಗ್ರಾಂ ಕೊಬ್ಬು, 190 ಕ್ಯಾಲರಿ ಬರುತ್ತದೆ. ಕೊಬ್ಬಿನ ಲೆಕ್ಕದಲ್ಲಿ ಇದು ಕೆನೆಗಿಂತ ಕಡಿಮೆಯಲ್ಲ, ಹೆಚ್ಚೇ. ವ್ಯತ್ಯಾಸ ಇರುವುದು ಕೊಬ್ಬಿನ ಜಾತಿಯಲ್ಲಿ. ಹಾಲಿನ ಕೆನೆಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸುವಂಥದ್ದು. ಶೇಂಗಾ ಎಣ್ಣೆಯಲ್ಲಿ ಅದು ಆರನೇ ಒಂದು ಪಾಲಿನಷ್ಟು ಮಾತ್ರ. ಹೃದಯದ ತೊಂದರೆ ಇರುವ ಹಿರಿಯರ ಮನೆಯಲ್ಲಿ ಕೆನೆಯ ಬದಲು ಶೇಂಗಾ ಒಳ್ಳೆಯದೇ. ಆದರೆ ಎರಡು ಬಟ್ಟಲು ಹೆಚ್ಚು ಹಾಕಿಕೊಂಡರೆ ಆ ಲಾಭ ಹೋಗುತ್ತದೆ. ಶೇಂಗಾ ತಾನೇ ಎಣ್ಣೆ ಬಿಡುವುದರಿಂದ ಒಗ್ಗರಣೆಯ ಎಣ್ಣೆಯನ್ನು ಮೂರು ಚಮಚಕ್ಕೆ ನಿಲ್ಲಿಸಿ.

ಮೊದಲ ಪಾಠ: ಶೇಂಗಾ ಆರಿಸುವುದು

ಪಶುವೈದ್ಯರು ಆ ದಿನ ಹೇಳಿದ ಮಾತಿಗೆ ಬರೋಣ. ತೇವ ಹಿಡಿದ ಶೇಂಗಾ ಮತ್ತು ಗೋವಿನಜೋಳದ ಮೇಲೆ ಆಸ್ಪರ್ಜಿಲಸ್ ಎಂಬ ಬೂಸು ಬೆಳೆಯುತ್ತದೆ. ಅದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಈ ವಿಷದ ಗುರಿ ನಮ್ಮ ಯಕೃತ್ತು, ಅಂದರೆ ಲಿವರ್. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಜಗತ್ತಿಗೆ ಅಫ್ಲಾಟಾಕ್ಸಿನ್ ಗೊತ್ತಾದದ್ದು ಹಾಗೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆಂದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ತೀರಿಕೊಂಡರು. 2004ರಲ್ಲಿ ಆಫ್ರಿಕಾದ ಕೀನ್ಯಾದಲ್ಲಿ ಹೀಗೆಯೇ 125 ಮಂದಿ ಸತ್ತರು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಇದು ಲಿವರ್ ಕ್ಯಾನ್ಸರಿಗೂ ಕಾರಣವಾಗುತ್ತದೆ. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ನಮ್ಮ ಮನೆಗಳಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಒಂದು, ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ ಎಂಬುದು. ಬಿಸಿಲು ತೇವ ತೆಗೆಯುತ್ತದೆ, ಆದರೆ ಆಗಲೇ ಕಾಳಿನೊಳಗೆ ಸೇರಿದ ವಿಷ ಉಳಿಯುತ್ತದೆ. ಎರಡು, ಚೆನ್ನಾಗಿ ಹುರಿದರೆ, ಕುದಿಸಿದರೆ ಸಾಕು ಎಂಬುದು. ಕುದಿಸುವ ಬಿಸಿಗೆ ಈ ವಿಷ ಹೋಗುವುದಿಲ್ಲ. ಹುರಿದಾಗ ಒಂದಿಷ್ಟು ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ದನ, ಮೇಕೆಗಳಿಗೆ ಹಾಕಿದರೆ ಹಾಲಿನ ಮೂಲಕ ಮತ್ತೆ ನಮ್ಮ ಮಕ್ಕಳ ಹೊಟ್ಟೆಗೇ ಬರುತ್ತದೆ.

ಹಾಗಾದರೆ ಮಾಡುವುದೇನು?

ಅಂಗಡಿಯಲ್ಲಿ ಶೇಂಗಾವನ್ನು ಅಂಗೈಯಲ್ಲಿ ಹಿಡಿದು ನೋಡಿ. ಮುಗ್ಗಲು ವಾಸನೆ ಬಂದರೆ ಕೊಳ್ಳಬೇಡಿ. ಮನೆಗೆ ತಂದ ಮೇಲೆ ಮೊರದಲ್ಲಿ ಹರವಿ, ಸುಕ್ಕುಗಟ್ಟಿದ, ಕಪ್ಪಾದ, ಬಣ್ಣ ಕೆಟ್ಟ, ಒಡೆದ, ಹುಳು ತಿಂದ ಕಾಳುಗಳನ್ನು ತೆಗೆಯಿರಿ. ಒಳ್ಳೆಯ ಶೇಂಗಾದ ರಾಶಿಯಲ್ಲಿ ವಿಷವಿದ್ದರೂ ಅದು ಹೆಚ್ಚಾಗಿ ಇಂಥ ಕೆಲವೇ ಕಾಳುಗಳಲ್ಲಿ ಸೇರಿಕೊಂಡಿರುತ್ತದೆ. ಆದ್ದರಿಂದ ಹತ್ತು ನಿಮಿಷದ ಈ ಕೆಲಸಕ್ಕೆ ದೊಡ್ಡ ಬೆಲೆಯಿದೆ. ನಮ್ಮ ಅಜ್ಜಿಯರು ಕಾಳು ಆರಿಸಲು ಮಧ್ಯಾಹ್ನವಿಡೀ ಕೂರುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ಚೀಲವೇ ನೆಂದು ಬೂಸು ಹಿಡಿದಿದ್ದರೆ ಆರಿಸಿ ಉಳಿಸುವ ಮಾತಿಲ್ಲ. ಅದನ್ನು ದನಕರುಗಳಿಗೆ ಸಿಗದಂತೆ ಹೂಳಬೇಕು. ತಿನ್ನುವಾಗ ಕಹಿ ಕಾಳು ಸಿಕ್ಕರೆ ನುಂಗಬೇಡಿ, ಉಗುಳಿ ಬಾಯಿ ತೊಳೆಯಿರಿ. ಮಕ್ಕಳಿಗೂ ಇದನ್ನು ಕಲಿಸಿ.

ಮಳೆಗಾಲದಲ್ಲಿ ಶೇಂಗಾವನ್ನು ಒಂದೆರಡು ಕಿಲೋಗಿಂತ ಹೆಚ್ಚು ತಂದಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಚೀಲದಲ್ಲಿ ಇಡುವುದಾದರೆ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ.

ಎರಡನೆಯ ಪಾಠ: ಕೋಳಿ ಮನೆಗೆ ಬಂದಾಗ

ನಾವು ಕೋಳಿಯಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಹಲಾಲ್ ಆಗಿದೆಯೇ ಎಂಬುದು. ಅದು ಸರಿ. ಆದರೆ ಕುರ್‌ಆನ್ ಆಹಾರದ ವಿಷಯದಲ್ಲಿ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಬಳಸುತ್ತದೆ. ತಯ್ಯಿಬ್ ಎಂದರೆ ಒಳ್ಳೆಯದು, ಶುದ್ಧವಾದದ್ದು. ಸರಿಯಾಗಿ ಜಬಹ್ ಮಾಡಿದ ಕೋಳಿಯನ್ನು ನೊಣ ಮುತ್ತಿದ ಹಲಗೆಯ ಮೇಲೆ ಕತ್ತರಿಸಿ, ಬಿಸಿಲಿನಲ್ಲಿ ಎರಡು ತಾಸು ಚೀಲದಲ್ಲಿಟ್ಟುಕೊಂಡು ತಿರುಗಿದರೆ ನಾವು ಅರ್ಧವನ್ನಷ್ಟೇ ಪಾಲಿಸಿದಂತಾಯಿತು.

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುಗಳು ಸಾಮಾನ್ಯವಾಗಿ ಇರುತ್ತವೆ. ವಾಂತಿ ಭೇದಿಗೆ, ಜ್ವರಕ್ಕೆ ಇವು ಕಾರಣ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಹೀಗಾಗಿ ತೊಂದರೆ ಹೆಚ್ಚಾಗಿ ಬರುವುದು ಹಸಿ ಕೋಳಿ ಮುಟ್ಟಿದ ಕೈ, ಚೂರಿ, ಹಲಗೆ, ಅರಿವೆಗಳಿಂದ.

ಸಂತೆಯಲ್ಲಿ ಉಳಿದ ಸಾಮಾನು ಮುಗಿಸಿ ಕೊನೆಗೆ ಕೋಳಿ ಕೊಳ್ಳಿ. ತರಕಾರಿಯ ಚೀಲದಲ್ಲಿ ಹಾಕದೆ ಬೇರೆ ಚೀಲದಲ್ಲಿ ತನ್ನಿ. ಬೇಸಿಗೆಯಲ್ಲಿ ಒಂದು ತಾಸಿನೊಳಗೆ ಫ್ರಿಜ್‌ಗೆ ಅಥವಾ ಒಲೆಗೆ ಹೋಗಬೇಕು. ಫ್ರಿಜ್‌ನಲ್ಲಿ ಮುಚ್ಚಿದ ಡಬ್ಬಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ಅಂಕಣದಲ್ಲಿ ಇಡಿ. ಮೇಲಿಟ್ಟರೆ ಅದರ ನೀರು ಕೆಳಗಿನ ಹಾಲು, ಹಣ್ಣಿನ ಮೇಲೆ ತೊಟ್ಟಿಕ್ಕುತ್ತದೆ.

ತೊಳೆಯುವ ವಿಷಯದಲ್ಲಿ ನಮ್ಮಲ್ಲಿ ವಾದ ಹೆಚ್ಚು. ನಾಲ್ಕು ನೀರಿನಲ್ಲಿ ತೊಳೆಯದಿದ್ದರೆ ನಮ್ಮ ಅತ್ತೆಯವರಿಗೆ ಸಮಾಧಾನವೇ ಇಲ್ಲ. ಆದರೆ ಜೋರಾಗಿ ಬಿಟ್ಟ ನಳದ ಕೆಳಗೆ ಕೋಳಿ ತೊಳೆದರೆ ಹನಿಗಳು ಸಿಡಿದು ಪಕ್ಕದಲ್ಲಿರುವ ತಟ್ಟೆ, ಲೋಟ, ಕೊತ್ತಂಬರಿಯ ಮೇಲೆ ಬೀಳುತ್ತವೆ. ರೋಗಾಣು ತೊಳೆದು ಹೋಗುವುದಿಲ್ಲ, ಮನೆಯಲ್ಲಿ ಹರಡುತ್ತದೆ. ರಕ್ತ, ಪುಕ್ಕ, ಎಲುಬಿನ ಚೂರು ತೆಗೆಯಲೇಬೇಕಾದರೆ ದೊಡ್ಡ ಬೋಗುಣಿಯಲ್ಲಿ ನೀರು ತುಂಬಿ, ಅದರಲ್ಲಿ ತುಂಡುಗಳನ್ನು ಮೆಲ್ಲಗೆ ಅದ್ದಿ ತೆಗೆಯಿರಿ. ನೀರನ್ನು ಸಿಡಿಯದಂತೆ ಚೆಲ್ಲಿ, ಬೋಗುಣಿಯನ್ನೂ ಮೋರಿಯನ್ನೂ ಸಾಬೂನಿನಿಂದ ತೊಳೆಯಿರಿ. ಅರಿಶಿಣ, ಉಪ್ಪು, ನಿಂಬೆರಸ ಹಚ್ಚಿದರೆ ವಾಸನೆ ಹೋಗುತ್ತದೆ, ಆದರೆ ರೋಗಾಣು ಹೋಗುತ್ತದೆ ಎಂದು ನಂಬಬೇಡಿ. ಆ ಕೆಲಸ ಬೆಂಕಿಯದು.

ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿಯನ್ನು ಮೊದಲೇ ಹೆಚ್ಚಿಕೊಳ್ಳಿ, ಕೋಳಿ ಆಮೇಲೆ ಮುಟ್ಟಿ. ಕೋಳಿ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ 20 ಸೆಕೆಂಡಾದರೂ ಉಜ್ಜಿ ತೊಳೆಯಿರಿ. ಅದೇ ಕೈಯಿಂದ ಮಸಾಲೆ ಡಬ್ಬಿ, ಉಪ್ಪಿನ ಭರಣಿ, ಮೊಬೈಲ್ ಮುಟ್ಟಬೇಡಿ. ಒಲೆ ಒರೆಸುವ ಅರಿವೆಯಿಂದ ಕೈ ಒರೆಸಿಕೊಳ್ಳುವ ಚಟ ನಮ್ಮಲ್ಲಿ ಅನೇಕರಿಗಿದೆ. ಬಿಡಬೇಕು.

ಮೂರನೆಯ ಪಾಠ: ಅಡುಗೆ

ಆರು ಮಂದಿಗೆ ಬೇಕಾಗುವ ಸಾಮಾನು:

- ಕೋಳಿ ತುಂಡುಗಳು, ಎಲುಬಿನ ಸಹಿತ: 1 ಕಿಲೋ
- ಆರಿಸಿದ ಶೇಂಗಾ ಕಾಳು: 200 ಗ್ರಾಂ
- ಉಳ್ಳಾಗಡ್ಡಿ: ಮಧ್ಯಮ ಗಾತ್ರದ 3
- ಹಣ್ಣಾದ ಟೊಮೆಟೊ: 4
- ಬಳ್ಳೊಳ್ಳಿ: 8ರಿಂದ 10 ಎಸಳು
- ಹಸಿಶುಂಠಿ: ಒಂದು ಇಂಚು
- ಗೆಣಸು: 250 ಗ್ರಾಂ
- ಗಜ್ಜರಿ: 2
- ಇಡೀ ಹಸಿಮೆಣಸಿನಕಾಯಿ: 3
- ಬ್ಯಾಡಗಿ ಮೆಣಸಿನ ಪುಡಿ: 1 ಚಹಾ ಚಮಚ
- ಕಾಳುಮೆಣಸಿನ ಪುಡಿ: ಅರ್ಧ ಚಹಾ ಚಮಚ
- ತೇಜಪತ್ತಾ ಎಲೆ: 1
- ಎಣ್ಣೆ: 3 ಊಟದ ಚಮಚ
- ಉಪ್ಪು: ಒಂದೂವರೆ ಚಹಾ ಚಮಚ
- ಬಿಸಿ ನೀರು: 1 ಲೀಟರ್
- ನಿಂಬೆಹಣ್ಣು: ಅರ್ಧ

ಗರಂ ಮಸಾಲೆ, ಧನಿಯಾ ಪುಡಿ ಇದರಲ್ಲಿ ಇಲ್ಲ. ಮೊದಲ ಸಲ ಹಾಕದೆಯೇ ಮಾಡಿ ನೋಡಿ. ಟೊಮೆಟೊ ಮತ್ತು ಶೇಂಗಾದ ರುಚಿಯೇ ಇಲ್ಲಿ ಮುಖ್ಯ. ಪಶ್ಚಿಮ ಆಫ್ರಿಕಾದಲ್ಲಿ ಈಗ ಸ್ಟಾಕ್ ಕ್ಯೂಬ್ ಹಾಕುವುದು ರೂಢಿ. ಅದರಲ್ಲಿ ಉಪ್ಪು ಬಹಳ ಇರುತ್ತದೆ, ಎಲುಬಿನ ಕೋಳಿ ಇದ್ದಾಗ ಬೇಕಾಗುವುದೂ ಇಲ್ಲ.

1. ಕೋಳಿಗೆ ಅರ್ಧ ಚಮಚ ಉಪ್ಪು, ಕಾಳುಮೆಣಸಿನ ಪುಡಿ, ಅರೆದ ಶುಂಠಿ ಬಳ್ಳೊಳ್ಳಿಯ ಅರ್ಧ ಪಾಲು ಹಚ್ಚಿ ಅರ್ಧ ತಾಸು ಇಡಿ. ಕಟ್ಟೆಯ ಮೇಲೆ ಇಡಬೇಡಿ, ಫ್ರಿಜ್‌ನಲ್ಲಿ ಮುಚ್ಚಿ ಇಡಿ.

2. ಶೇಂಗಾವನ್ನು ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ ಕೈಬಿಡದೆ ಹುರಿಯಿರಿ. ಆರಿದ ಮೇಲೆ ಉಜ್ಜಿ ಸಿಪ್ಪೆ ತೂರಿ. ಕಪ್ಪು ಕಲೆ ಇರುವ ಕಾಳು ಈಗ ಇನ್ನೂ ಚೆನ್ನಾಗಿ ಕಾಣುತ್ತವೆ, ತೆಗೆಯಿರಿ. ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಕೊನೆಗೆ ನುಣ್ಣನೆಯ ಪೇಸ್ಟ್ ಆಗುತ್ತದೆ. ಹಿಂಡಿಯ ಹಾಗೆ ತರಿ ತರಿ ಬಿಟ್ಟರೆ ಸಾಲನ್ ಕೆನೆಯಂತೆ ಬರುವುದಿಲ್ಲ. ನೀರು ಹಾಕಿ ಅರೆಯಬೇಡಿ.

3. ದಪ್ಪ ತಳದ ಬೋಗುಣಿಯಲ್ಲಿ ಎಣ್ಣೆ ಕಾಯಿಸಿ, ಕೋಳಿ ತುಂಡುಗಳನ್ನು ಎರಡು ಸರತಿಯಲ್ಲಿ ಐದಾರು ನಿಮಿಷ ಕೆಂಪಗೆ ಹುರಿದು ತಟ್ಟೆಗೆ ತೆಗೆಯಿರಿ. ಇದು ಒಳಗೆ ಇನ್ನೂ ಹಸಿ. ಆ ತಟ್ಟೆಯನ್ನು ತೊಳೆಯದೆ ಊಟಕ್ಕೆ ಬಳಸಬೇಡಿ.

4. ಅದೇ ಎಣ್ಣೆಯಲ್ಲಿ ಉಳ್ಳಾಗಡ್ಡಿ ಬಾಡಿಸಿ, ಉಳಿದ ಶುಂಠಿ ಬಳ್ಳೊಳ್ಳಿ, ಮೆಣಸಿನ ಪುಡಿ, ಹೆಚ್ಚಿದ ಟೊಮೆಟೊ ಹಾಕಿ. ಟೊಮೆಟೊದ ನೀರೆಲ್ಲ ಹೋಗಿ ಎಣ್ಣೆ ಬಿಡುವವರೆಗೆ, ಹತ್ತು ಹನ್ನೆರಡು ನಿಮಿಷ ಬೇಯಿಸಿ. ಇಲ್ಲಿ ಅವಸರ ಮಾಡಿದರೆ ಸಾಲನ್ ಹಸಿ ಹುಳಿಯಾಗುತ್ತದೆ.

5. ಕೋಳಿಯನ್ನು ಮತ್ತೆ ಹಾಕಿ, ಬಿಸಿ ನೀರು, ತೇಜಪತ್ತಾ, ಉಳಿದ ಉಪ್ಪಿನಲ್ಲಿ ಅರ್ಧ ಹಾಕಿ ಕುದಿ ಬರಿಸಿ. ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ ಬಿಡಿ. ಜವಾರಿ ಕೋಳಿಯಾದರೆ ಗಟ್ಟಿ ಇರುತ್ತದೆ, ಕುಕ್ಕರಿನಲ್ಲಿ ಮೂರ್ನಾಲ್ಕು ಸೀಟಿ ಹಾಕಿಸಿಕೊಂಡು ಮುಂದುವರಿಯಿರಿ. ಶೇಂಗಾ ಹಾಕಿದ ಮೇಲೆ ಮಾತ್ರ ಕುಕ್ಕರ್ ಮುಚ್ಚಬೇಡಿ. ದಪ್ಪ ರಸ ತಳ ಹಿಡಿಯುತ್ತದೆ, ಸೀಟಿಯ ತೂತನ್ನೂ ಕಟ್ಟಬಹುದು.

6. ಶೇಂಗಾ ಪೇಸ್ಟನ್ನು ನೇರವಾಗಿ ಬೋಗುಣಿಗೆ ಹಾಕಿದರೆ ಗಂಟಾಗುತ್ತದೆ. ಒಂದು ಬಟ್ಟಲಿನಲ್ಲಿ ಪೇಸ್ಟ್ ಹಾಕಿ, ಕುದಿಯುವ ರಸವನ್ನು ಎರಡು ಸವಟು, ಸ್ವಲ್ಪ ಸ್ವಲ್ಪವಾಗಿ ಬೆರೆಸಿ ತೆಳ್ಳಗೆ ಮಾಡಿ. ಆಮೇಲೆ ಬೋಗುಣಿಗೆ ಸುರಿದು ಕಲಕಿ.

7. ದಪ್ಪಗೆ ಹೆಚ್ಚಿದ ಗೆಣಸು, ಗಜ್ಜರಿ, ಸೀಳದ ಇಡೀ ಹಸಿಮೆಣಸಿನಕಾಯಿ ಹಾಕಿ. ಸೀಳದಿದ್ದರೆ ಪರಿಮಳ ಬರುತ್ತದೆ, ಖಾರ ಮಿತವಾಗಿರುತ್ತದೆ, ಮಕ್ಕಳೂ ಉಣ್ಣಬಹುದು. ಮುಚ್ಚಳ ಸ್ವಲ್ಪ ಓರೆ ಮಾಡಿ, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ನಾಲ್ಕೈದು ನಿಮಿಷಕ್ಕೊಮ್ಮೆ ತಳದವರೆಗೆ ಸವಟು ಆಡಿಸಿ. ದಪ್ಪ ರಸ ಗುಳುಗುಳು ಎಂದು ಸಿಡಿಯುತ್ತದೆ, ಚಿಕ್ಕ ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ.

8. ಮೇಲೆ ಅಲ್ಲಲ್ಲಿ ಕೆಂಪು ಎಣ್ಣೆ ತೇಲಿ ಬಂದರೆ ಶೇಂಗಾ ಬೆಂದಿದೆ ಎಂದು ಅರ್ಥ. ಉಪ್ಪು ನೋಡಿ, ಬೇಕಿದ್ದರೆ ಮಾತ್ರ ಉಳಿದದ್ದು ಹಾಕಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿ.

ಕೋಳಿ ಬೆಂದಿದೆಯೇ ಎಂದು ತಿಳಿಯಲು ಎಲ್ಲಕ್ಕಿಂತ ದಪ್ಪ ತುಂಡನ್ನು ಎಲುಬಿನ ತನಕ ಸೀಳಿ ನೋಡಿ. ಹೊರಬರುವ ರಸ ತಿಳಿಯಾಗಿರಬೇಕು, ಎಲುಬಿನ ಹತ್ತಿರದ ಮಾಂಸ ಹಸಿಯಾಗಿ ಕಾಣಬಾರದು. ಥರ್ಮಾಮೀಟರ್ ಇದ್ದವರಿಗೆ ಲೆಕ್ಕ ಸುಲಭ: ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು.

ಸೆನೆಗಲ್‌ನಲ್ಲಿ ಇದನ್ನು ಅನ್ನದ ಜೊತೆ ಉಣ್ಣುತ್ತಾರೆ. ನಮ್ಮ ಮನೆಯಲ್ಲಿ ಬಿಸಿ ಜೋಳದ ರೊಟ್ಟಿಗೇ ಓಟು ಹೆಚ್ಚು. ಪಕ್ಕದಲ್ಲಿ ಹಸಿ ಸವತಿಕಾಯಿ, ಮೂಲಂಗಿ ಇದ್ದರೆ ಊಟ ಭಾರವೆನಿಸುವುದಿಲ್ಲ.

ನಾಲ್ಕನೆಯ ಪಾಠ: ಉಳಿದ ಸಾಲನ್

ತೆಳ್ಳನೆಯ ಸಾರಿಗಿಂತ ಇಂಥ ಗಟ್ಟಿ ಸಾಲನ್ ಬೇಗ ಆರುವುದಿಲ್ಲ. ದೊಡ್ಡ ಬೋಗುಣಿಯಲ್ಲಿ ಹಾಗೆಯೇ ಬಿಟ್ಟರೆ ಅದರ ನಡುಭಾಗ ತಾಸುಗಟ್ಟಲೆ ಉಗುರುಬೆಚ್ಚಗೆ ಇರುತ್ತದೆ. ಕುದಿತವನ್ನೂ ತಡೆದು ಉಳಿಯುವ ಕೆಲವು ರೋಗಾಣುಗಳ ಬೀಜಗಳು ಆ ಬೆಚ್ಚಗಿನಲ್ಲಿ ಮತ್ತೆ ಮೊಳೆತು ಬೆಳೆಯುತ್ತವೆ. ಮದುವೆ, ಅಕೀಕಾ ಊಟಗಳಲ್ಲಿ ರಾತ್ರಿಯ ದೇಗು ಬೆಳಗ್ಗೆ ಬಿಸಿ ಮಾಡಿ ಬಡಿಸಿದಾಗ ಹೊಟ್ಟೆ ಕೆಡುವುದು ಹೆಚ್ಚಾಗಿ ಹೀಗೆಯೇ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ನಿಯಮ ಸರಳ: ಬಿಸಿ ಇರುವುದು 60 ಡಿಗ್ರಿಗಿಂತ ಮೇಲಿರಲಿ, ತಂಪು ಇರುವುದು 5 ಡಿಗ್ರಿಗಿಂತ ಕೆಳಗಿರಲಿ, ಬೇಯಿಸಿದ್ದು ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಆ ಎರಡು ತಾಸನ್ನು ಒಂದಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ರಮಝಾನಿನಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಅಸರ್‌ಗೆ ಮುಂಚೆಯೇ ಅಡುಗೆ ಮುಗಿಸಿ, ಇಫ್ತಾರ್‌ಗೆ ಒಂದಿಷ್ಟು ಉಂಡು, ತರಾವೀಹ್ ಮುಗಿಸಿ ಮತ್ತೆ ಉಂಡು, ಉಳಿದದ್ದನ್ನು ಸಹರಿಗೆ ಕಟ್ಟೆಯ ಮೇಲೆ ಬಿಡುವ ಮನೆಗಳಿವೆ. ಹಾಗೆ ಮಾಡಬೇಡಿ. ಇಫ್ತಾರ್‌ಗೆ ಬೇಕಾದಷ್ಟು ಹೊರಗಿಟ್ಟು, ಸಹರಿಯ ಪಾಲನ್ನು ಆಗಲೇ ಬೇರೆ ತೆಗೆಯಿರಿ. ಅಗಲವಾದ ಪಾತ್ರೆಗಳಲ್ಲಿ ಎರಡು ಇಂಚಿಗಿಂತ ಹೆಚ್ಚು ಎತ್ತರ ಬಾರದಂತೆ ಹರವಿ, ಆ ಪಾತ್ರೆಯನ್ನು ತಣ್ಣೀರಿನ ಪರಾತದಲ್ಲಿ ಇಟ್ಟರೆ ಬೇಗ ಆರುತ್ತದೆ. ಮುಚ್ಚಿ ಫ್ರಿಜ್‌ಗೆ ಸೇರಿಸಿ. ಮೂರು ದಿನದೊಳಗೆ ಮುಗಿಸಿ. ಬೇಕಾದಷ್ಟನ್ನೇ ತೆಗೆದು, ಕುದಿ ಬರುವವರೆಗೆ ಒಂದೇ ಸಲ ಬಿಸಿ ಮಾಡಿ. ಕರೆಂಟು ಹೋದಾಗ ಫ್ರಿಜ್ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ತಾಸು ತಂಪು ಉಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಮೂಸಿ ನೋಡಿ ನಿರ್ಧರಿಸಬೇಡಿ. ರೋಗ ತರುವ ಆಹಾರಕ್ಕೆ ವಾಸನೆ ಇರಲೇಬೇಕೆಂದಿಲ್ಲ. ಫ್ರಿಜ್ ಇಲ್ಲದ ಮನೆಯವರು ಅರ್ಧ ಅಳತೆಯಲ್ಲಿ ಮಾಡಿ ಆ ಹೊತ್ತಿಗೇ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಯಾರು ಎಚ್ಚರ ವಹಿಸಬೇಕು?

ಕೆಲವರಿಗೆ ಶೇಂಗಾ ಒಗ್ಗುವುದಿಲ್ಲ. ತಿಂದ ಕೆಲವು ನಿಮಿಷಗಳಲ್ಲಿ ಮೈಮೇಲೆ ದದ್ದು, ತುಟಿ ಕಣ್ಣು ಬಾವು, ವಾಂತಿ, ಉಸಿರಾಟದ ತೊಂದರೆ ಬಂದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ಸಾಲನ್‌ಗೆ ಹಾಕಿದ್ದರಿಂದ ಆ ಭಯವಿಲ್ಲ. ಸಕ್ಕರೆ ಕಾಯಿಲೆ ಇರುವವರು ಗೆಣಸಿನ ತುಂಡು ಮತ್ತು ಅನ್ನದ ಅಳತೆ ನೋಡಿಕೊಳ್ಳಬೇಕು. ಕಿಡ್ನಿಯ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಉಣ್ಣಬೇಕು.

ಕೊನೆಯ ಮಾತು

ಸಾರು ಮಾಡುವಾಗ ಒಂದಿಷ್ಟು ನೀರು ಹೆಚ್ಚು ಹಾಕಿ ನೆರೆಯವರನ್ನೂ ನೆನೆಯಬೇಕೆಂಬುದು ಪ್ರವಾದಿ(ಸ)ರ ಉಪದೇಶ. ಈ ಸಾಲನ್‌ಗೆ ಆ ಮಾತು ಬಹಳ ಒಪ್ಪುತ್ತದೆ. ಶೇಂಗಾ ರಸ ಆರಿದಂತೆ ಗಟ್ಟಿಯಾಗುವುದರಿಂದ ಒಂದು ಲೋಟ ಬಿಸಿ ನೀರು ಹೆಚ್ಚು ಹಾಕಿ ಕುದಿಸಿದರೂ ರುಚಿ ಕೆಡುವುದಿಲ್ಲ. ಪಕ್ಕದ ಮನೆಗೆ ಬಟ್ಟಲು ಕಳಿಸುವಾಗ ಮಗುವಿನ ಕೈಯಲ್ಲಿ ಒಂದು ಮಾತೂ ಕಳಿಸಿ: "ಇದರಾಗ ಶೇಂಗಾ ಐತ್ರಿ." ಸಾಲನ್‌ನಲ್ಲಿ ಶೇಂಗಾ ಕಣ್ಣಿಗೆ ಕಾಣುವುದಿಲ್ಲ. ಒಗ್ಗದವರು ಆ ಮನೆಯಲ್ಲಿದ್ದರೆ ಆ ಒಂದು ಮಾತು ಅವರ ಜೀವ ಉಳಿಸಬಹುದು.

ಅಮ್ಮಿ ಈಗಲೂ ಅನ್ನದ ಒಂದು ಅಗುಳನ್ನೂ ಚೆಲ್ಲಗೊಡುವುದಿಲ್ಲ. ಆದರೆ ಅಂದು ತೆಗ್ಗು ತೆಗೆದು ಶೇಂಗಾ ಮುಚ್ಚಿದ ಮೇಲೆ ಅವರು ಹೊಸ ಪದ್ಧತಿ ಮಾಡಿಕೊಂಡಿದ್ದಾರೆ. ಶೇಂಗಾ ತಂದ ದಿನವೇ ಮೊರ ಹಿಡಿದು, ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿನಲ್ಲಿ ಕೂರುತ್ತಾರೆ. ಮೊಮ್ಮಗಳು ಪಕ್ಕದಲ್ಲಿ ಕೂತು ಕಪ್ಪು ಕಾಳು ಹುಡುಕುತ್ತಾಳೆ. "ಮೊದಲೇ ನೋಡಿ ಇಟ್ಟರ ಚೆಲ್ಲೋ ಪ್ರಸಂಗನ ಬರೂದಿಲ್ಲ" ಎನ್ನುತ್ತಾರೆ. ಇಸ್ರಾಫ್ ಆಗದಂತೆ ನೋಡಿಕೊಳ್ಳುವ ದಾರಿ ಅದೇ: ಕೆಟ್ಟ ಮೇಲೆ ಉಳಿಸುವುದಲ್ಲ, ಕೆಡದಂತೆ ಕಾಯುವುದು.